ಕೆಟ್ಟುಹೋದ ಮಾದರಿಯನ್ನು ರಿಪೇರಿ ಮಾಡಿದವನು: ಜೇಮ್ಸ್ ವಾಟ್

ನಮ್ಮ ಪ್ರೌಢಶಾಲೆಯ ವಿಜ್ಞಾನ ಕೊಠಡಿಯ ಗಾಜಿನ ಬೀರುವಿನಲ್ಲಿ ಒಂದು ಪುಟ್ಟ ಉಗಿಯಂತ್ರದ ಮಾದರಿ ಇತ್ತು. ಚೊಂಬಿನಷ್ಟು ದೊಡ್ಡ ಹಿತ್ತಾಳೆಯ ಬಾಯ್ಲರ್, ಅದರ ಕೆಳಗೆ ಸ್ಪಿರಿಟ್ ದೀಪ, ಪಕ್ಕದಲ್ಲಿ ಬೆರಳುದ್ದದ ಸಿಲಿಂಡರ್, ತುದಿಯಲ್ಲಿ ಕೆಂಪು ಬಣ್ಣದ ಗಾಲಿ. ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ನಮ್ಮ ವಿಜ್ಞಾನದ ಮೇಷ್ಟ್ರು ಒಂದು ದಿನ ಅದನ್ನು ಮೇಜಿನ ಮೇಲಿಟ್ಟು ದೀಪ ಹಚ್ಚಿದರು. ನೀರು ಕುದಿಯಿತು. ಗಾಲಿ ನಾಲ್ಕು ಸುತ್ತು ತಿರುಗಿ ನಿಂತುಬಿಟ್ಟಿತು. ಬಾಯ್ಲರಿನ ಬೆಸುಗೆ ಬಿಟ್ಟ ಜಾಗದಿಂದ ಉಗಿ ಸುಂಯ್ ಎಂದು ಹೊರಬರುತ್ತಿತ್ತು. ನಾವೆಲ್ಲ ನಕ್ಕೆವು. ಮೇಷ್ಟ್ರು ನಗಲಿಲ್ಲ.

ದೀಪ ಆರಿಸಿ, ಬಾಯ್ಲರ್ ಪೂರ್ತಿ ತಣ್ಣಗಾಗುವವರೆಗೆ ಕಾದು, ಅದರ ತುಂಬ ತಣ್ಣೀರು ಹಾಕಿ ಬೆಳಕಿಗೆ ಹಿಡಿದರು. ಎಲ್ಲಿ ಹನಿ ಮೂಡಿತೋ ಅಲ್ಲಿ ಮೊಳೆಯಿಂದ ಗೀರಿ ಗುರುತು ಮಾಡಿದರು. ಸಂತೆಯ ದಿನ ಅದನ್ನು ಪೇಟೆಯಲ್ಲಿ ಪಾತ್ರೆ ಬೆಸೆಯುವವರ ಅಂಗಡಿಗೆ ಒಯ್ದರು. ನಾವು ಮೂವರು ಹುಡುಗರು ಹಿಂದೆಯೇ ಹೋದೆವು. ಅಂಗಡಿಯವರು ಹಳೆಯ ಬೆಸುಗೆಯನ್ನು ಕೆರೆದು ತೆಗೆದು, ಹಿತ್ತಾಳೆ ಹೊಳೆಯುವವರೆಗೆ ಉಜ್ಜಿ, ನವಸಾಗರ ಹಾಕಿ, ಕಾಯಿಸಿ, ಹೊಸ ಬೆಸುಗೆಯನ್ನು ಸಂದಿನೊಳಗೆ ಹರಿಸಿದರು. ಅಂದು ಎರಡು ಸಂಗತಿ ಕಲಿತೆವು. ಕೊಳೆಯ ಮೇಲೆ ಹಾಕಿದ ಬೆಸುಗೆ ಹಿಡಿಯುವುದಿಲ್ಲ. ನೀರಿಲ್ಲದ ಬಾಯ್ಲರಿನಲ್ಲಿ ಬೆಸುಗೆ ನಿಲ್ಲುವುದಿಲ್ಲ. ತವರ ಮತ್ತು ಸೀಸ ಬೆರೆತ ಬೆಸುಗೆ 200 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲೇ ಕರಗುತ್ತದೆ. ಒಳಗೆ ನೀರಿರುವಷ್ಟು ಹೊತ್ತು ಲೋಹ ಅಷ್ಟು ಕಾಯುವುದಿಲ್ಲ. ನೀರು ಬತ್ತಿತೆಂದರೆ ಕೆಲವೇ ಕ್ಷಣದಲ್ಲಿ ಕಾದು ಬೆಸುಗೆ ಬಿಟ್ಟುಕೊಳ್ಳುತ್ತದೆ. ಹಿಂದೆ ಯಾರೋ ನೀರು ನೋಡದೆ ದೀಪ ಉರಿಸಿದ್ದರು, ಅಷ್ಟೇ.

ಮರುವಾರ ಆ ಕೆಂಪು ಗಾಲಿ ಹತ್ತು ನಿಮಿಷ ಬಿಡದೆ ತಿರುಗಿತು. ಅಂದು ಮೇಷ್ಟ್ರು ಪಾಠ ಬದಿಗಿಟ್ಟು, ಹೀಗೆಯೇ ನಾಲ್ಕು ಸುತ್ತಿಗೆ ನಿಲ್ಲುತ್ತಿದ್ದ ಇನ್ನೊಂದು ಮಾದರಿಯ ಕಥೆ ಹೇಳಿದರು. ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಸಮಿತಿಯವರು ಕೇಳಿದಾಗ ನನಗೆ ಮೊದಲು ನೆನಪಾದದ್ದು ಆ ಕಥೆಯೇ. ಮುಂದೆ ನಾನೇ ಓದಿ ತಿಳಿದದ್ದನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ.

ಗ್ರೀನಕ್‌ನ ಹುಡುಗ

ಜೇಮ್ಸ್ ವಾಟ್ ಹುಟ್ಟಿದ್ದು 1736ರ ಜನವರಿ 19ರಂದು, ಸ್ಕಾಟ್ಲೆಂಡಿನ ಗ್ರೀನಕ್ ಎಂಬ ಬಂದರು ಊರಿನಲ್ಲಿ. ಕ್ಲೈಡ್ ನದಿ ಸಮುದ್ರ ಸೇರುವ ಕಡೆ ಇರುವ ಊರು ಅದು. ಅಜ್ಜ ಗಣಿತ ಮತ್ತು ನೌಕಾಯಾನದ ಲೆಕ್ಕ ಕಲಿಸುತ್ತಿದ್ದವನು. ತಂದೆ ಹಡಗಿನ ಬಡಗಿ ಕೆಲಸ, ಹಡಗಿನ ಸಾಮಾನಿನ ವ್ಯಾಪಾರ ಎರಡನ್ನೂ ಮಾಡುತ್ತಿದ್ದವನು. ತಾಯಿ ಆಗ್ನೆಸ್ ಮ್ಯೂರ್‌ಹೆಡ್ ಓದು ಬಲ್ಲ ಮನೆತನದವಳು.

ಹುಡುಗನ ಆರೋಗ್ಯ ಚೆನ್ನಾಗಿರಲಿಲ್ಲ. ತಲೆನೋವು ಅವನನ್ನು ಜೀವನಪರ್ಯಂತ ಬಿಡಲಿಲ್ಲ. ಆದ್ದರಿಂದ ಮೊದಮೊದಲು ಮನೆಯಲ್ಲೇ ಪಾಠ. ತಾಯಿ ಓದು ಕಲಿಸಿದಳು, ತಂದೆ ಬರಹ ಮತ್ತು ಲೆಕ್ಕ ಕಲಿಸಿದ. ಮುಂದೆ ಶಾಲೆಗೆ ಹೋದಾಗ ಗಣಿತದಲ್ಲಿ ಮುಂದಿದ್ದ. ತಂದೆ ತನ್ನ ಕಾರ್ಖಾನೆಯಲ್ಲೇ ಮಗನಿಗೊಂದು ಪುಟ್ಟ ಕೆಲಸದ ಮೇಜು ಮತ್ತು ಉಪಕರಣಗಳನ್ನು ಕೊಟ್ಟಿದ್ದ. ಅಲ್ಲಿ ಕುಳಿತು ಹುಡುಗ ರಾಟೆ, ಕ್ರೇನು ಮೊದಲಾದವುಗಳ ಮಾದರಿ ಮಾಡುತ್ತಿದ್ದ. ಅವನ ನಿಜವಾದ ಶಾಲೆ ಆ ಮೇಜು.

ವಾಟ್ ಎಂದೊಡನೆ ನಮಗೆಲ್ಲ ನೆನಪಾಗುವುದು ಚಹಾದ ಕೆಟಲ್. ಬಾಲಕ ವಾಟ್ ಒಲೆಯ ಮುಂದೆ ಕುಳಿತು, ಉಗಿ ಮುಚ್ಚಳವನ್ನು ಎತ್ತುವುದನ್ನು ಕಂಡು ಉಗಿಯಂತ್ರ ಕಂಡುಹಿಡಿದ ಎಂಬ ಕಥೆ. ಕುದಿಯುವ ಕೆಟಲನ್ನು ಹುಡುಗ ದಿಟ್ಟಿಸಿ ನೋಡಿರಬಹುದು. ಆದರೆ ಉಗಿಯಂತ್ರ ಹುಟ್ಟಿದ್ದು ಹಾಗಲ್ಲ. ವಾಟ್ ಹುಟ್ಟುವುದಕ್ಕೆ 24 ವರ್ಷ ಮೊದಲೇ, 1712ರಲ್ಲಿ, ಥಾಮಸ್ ನ್ಯೂಕಮೆನ್ ಎಂಬ ಕಬ್ಬಿಣದ ಸಾಮಾನಿನ ವ್ಯಾಪಾರಿ ಇಂಗ್ಲೆಂಡಿನ ಕಲ್ಲಿದ್ದಲ ಗಣಿಯೊಂದರಲ್ಲಿ ನೀರೆತ್ತಲು ಉಗಿಯಂತ್ರ ನಿಲ್ಲಿಸಿದ್ದ. ಹಾಗಾದರೆ ವಾಟ್ ಮಾಡಿದ್ದೇನು? ಕೆಟ್ಟುಹೋದದ್ದನ್ನು ರಿಪೇರಿ ಮಾಡಲು ಕುಳಿತ, ಅದು ಏಕೆ ಕೆಟ್ಟಿದೆ ಎಂಬುದು ಪೂರ್ತಿ ತಿಳಿಯುವವರೆಗೆ ಏಳಲಿಲ್ಲ.

ಉಪಕರಣಗಳ ಅಂಗಡಿ

1753ರಲ್ಲಿ ತಾಯಿ ತೀರಿಕೊಂಡಳು. ತಂದೆಯ ವ್ಯಾಪಾರವೂ ಇಳಿಮುಖವಾಗಿತ್ತು. ಹದಿನೆಂಟರ ವಾಟ್ ಸೂಕ್ಷ್ಮ ಉಪಕರಣಗಳನ್ನು ಮಾಡುವ ಕಸುಬು ಕಲಿಯಲು ಗ್ಲಾಸ್ಗೋಗೆ ಹೋದ. ಅಲ್ಲಿ ಕಲಿಸುವವರು ಸಿಗದೆ 1755ರಲ್ಲಿ ಲಂಡನ್ನಿಗೆ ಹೋದ. ಆ ಕಾಲದ ಕಟ್ಟುಪಾಡಿನಂತೆ ಏಳು ವರ್ಷ ಶಿಷ್ಯನಾಗಿ ದುಡಿಯಬೇಕು. ಅವನ ಬಳಿ ಅಷ್ಟು ವರ್ಷಗಳೂ ಇರಲಿಲ್ಲ, ಹಣವೂ ಇರಲಿಲ್ಲ. ಕೊನೆಗೆ ಜಾನ್ ಮಾರ್ಗನ್ ಎಂಬವನು 20 ಗಿನಿ ಪಡೆದು ಒಂದೇ ವರ್ಷದಲ್ಲಿ ಕಲಿಸಲು ಒಪ್ಪಿದ. ಅಳತೆಪಟ್ಟಿ, ದಿಕ್ಸೂಚಿ, ಕೋನ ಅಳೆಯುವ ಉಪಕರಣಗಳನ್ನು ಮಾಡಲು ವಾಟ್ ಒಂದು ವರ್ಷದಲ್ಲೇ ಕಲಿತ. ಆದರೆ ಅರೆಹೊಟ್ಟೆಯ ಊಟ ಮತ್ತು ಎಡೆಬಿಡದ ದುಡಿಮೆಯಿಂದ ಆರೋಗ್ಯ ಕೆಟ್ಟು 1756ರಲ್ಲಿ ಊರಿಗೆ ಮರಳಿದ.

ಅದೇ ವರ್ಷ ಗ್ಲಾಸ್ಗೋ ವಿಶ್ವವಿದ್ಯಾಲಯಕ್ಕೆ ಜಮೈಕಾದಿಂದ ಖಗೋಳ ಉಪಕರಣಗಳ ಪೆಟ್ಟಿಗೆಗಳು ಬಂದವು. ಅಲ್ಲಿ ವ್ಯಾಪಾರ ಮಾಡಿ ಸಿರಿವಂತನಾಗಿದ್ದ ಅಲೆಕ್ಸಾಂಡರ್ ಮ್ಯಾಕ್‌ಫರ್ಲೇನ್ ಎಂಬವನು ಸಾಯುವಾಗ ಬಿಟ್ಟುಹೋದ ಕಾಣಿಕೆ ಅದು. ಗುಲಾಮರ ದುಡಿಮೆಯ ಮೇಲೆ ನಿಂತಿದ್ದ ಸಿರಿ ಅದು ಎಂಬುದನ್ನೂ ಮರೆಯುವಂತಿಲ್ಲ. ಸಮುದ್ರದ ಉಪ್ಪುಗಾಳಿಗೆ ಉಪಕರಣಗಳು ತುಕ್ಕು ಹಿಡಿದಿದ್ದವು. ಅವನ್ನು ಉಜ್ಜಿ ಸರಿಪಡಿಸುವ ಕೆಲಸ ಇಪ್ಪತ್ತರ ಹುಡುಗ ವಾಟ್‌ಗೆ ಸಿಕ್ಕಿತು. ಕೂಲಿ 5 ಪೌಂಡ್. ಅವನ ಬಾಳಿನ ಮೊದಲ ದೊಡ್ಡ ಕೆಲಸವೂ ರಿಪೇರಿಯೇ.

ಗ್ಲಾಸ್ಗೋ ಪೇಟೆಯಲ್ಲಿ ಅಂಗಡಿ ಇಡಲು ಕಸುಬುದಾರರ ಸಂಘದ ಕಟ್ಟುಪಾಡು ಅಡ್ಡಬಂತೆಂದು ಅವನ ಜೀವನ ಬರೆದವರು ಹೇಳುತ್ತಾರೆ. ಅವನು ಏಳು ವರ್ಷದ ಶಿಷ್ಯವೃತ್ತಿ ಮುಗಿಸಿರಲಿಲ್ಲ. ವಿಶ್ವವಿದ್ಯಾಲಯದ ಪ್ರಾಧ್ಯಾಪಕರು ಕೈಬಿಡಲಿಲ್ಲ. 1757ರಲ್ಲಿ ತಮ್ಮ ಆವರಣದೊಳಗೇ ಅವನಿಗೊಂದು ಕೋಣೆ ಕೊಟ್ಟು, ವಿಶ್ವವಿದ್ಯಾಲಯದ ಉಪಕರಣ ತಯಾರಕ ಎಂದು ಕರೆದರು. ಪದವಿಯಿಲ್ಲದ ಈ ಕುಶಲಕರ್ಮಿಯ ಕೋಣೆಗೆ ದೊಡ್ಡ ದೊಡ್ಡ ವಿದ್ವಾಂಸರು ಬಂದು ಕೂರತೊಡಗಿದರು. ರಸಾಯನಶಾಸ್ತ್ರದ ಜೋಸೆಫ್ ಬ್ಲ್ಯಾಕ್ ಬಂದ. ವಿದ್ಯಾರ್ಥಿಯಾಗಿದ್ದ ಜಾನ್ ರಾಬಿಸನ್ ಬಂದು ಗೆಳೆಯನಾದ. ಅರ್ಥಶಾಸ್ತ್ರದ ಆಡಮ್ ಸ್ಮಿತ್ ಆಗ ಅಲ್ಲೇ ಪ್ರಾಧ್ಯಾಪಕ. ವಾಟ್ ಏನು ಬಂದರೂ ಮಾಡಿಕೊಡುತ್ತಿದ್ದ. ಸಂಗೀತ ತಿಳಿಯದಿದ್ದರೂ ಆರ್ಗನ್ ವಾದ್ಯ ಕಟ್ಟಿದ.

ಉಗಿಯ ಬಗ್ಗೆ ಅವನ ಕುತೂಹಲ ಕೆರಳಿಸಿದವನು ರಾಬಿಸನ್. 1761-62ರ ಸುಮಾರಿಗೆ ವಾಟ್ ಒಂದು ಚಿಕ್ಕ ಪ್ರಯೋಗ ಮಾಡಿದ. ಪಾಪಿನ್ ಎಂಬವನು ಕಂಡುಹಿಡಿದಿದ್ದ ಬಿಗಿಮುಚ್ಚಳದ ಪಾತ್ರೆ ಆಗ ಇತ್ತು. ನಮ್ಮ ಅಡಿಗೆಮನೆಯ ಪ್ರೆಷರ್ ಕುಕ್ಕರಿನ ಮುತ್ತಜ್ಜ ಅದು. ಅದಕ್ಕೆ ಒಂದು ಪಿಚಕಾರಿಯನ್ನು ಜೋಡಿಸಿ, ಒತ್ತಡದ ಉಗಿಯಿಂದ ಅದರ ಕೊಂತವನ್ನು ಮೇಲೆತ್ತಿ ನೋಡಿದ. ಕೊಂತ ಎದ್ದಿತು. ಆದರೂ ಆ ದಾರಿ ಬಿಟ್ಟ. ಬಾಯ್ಲರ್ ಸಿಡಿಯುವ ಭಯ ಒಂದು, ಉಗಿ ಸೋರದಂತೆ ಸಂದುಗಳನ್ನು ಬಿಗಿ ಮಾಡುವುದು ಎಷ್ಟು ಕಷ್ಟವೆಂಬ ಅರಿವು ಇನ್ನೊಂದು. ಈ ಎರಡು ಮಾತನ್ನು ನೆನಪಿಡಿ. ಮುಂದೆ ಅವನ ಬಾಳೆಲ್ಲ ಇವುಗಳ ಸುತ್ತಲೇ ಸುತ್ತುತ್ತದೆ.

ನಿಂತುಬಿಡುವ ಮಾದರಿ

ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನದ ತರಗತಿಗೆಂದು ನ್ಯೂಕಮೆನ್ ಎಂಜಿನ್ನಿನ ಒಂದು ಮಾದರಿ ಇತ್ತು. ಅದು ಸರಿಯಾಗಿ ಓಡುತ್ತಿರಲಿಲ್ಲ. ರಿಪೇರಿಗೆಂದು ಲಂಡನ್ನಿನ ಹೆಸರಾಂತ ಉಪಕರಣ ತಯಾರಕನೊಬ್ಬನ ಬಳಿಗೆ ಹೋಗಿ, ಹಾಗೆಯೇ ವಾಪಸು ಬಂದಿತ್ತು. 1763ರ ಚಳಿಗಾಲದಲ್ಲಿ ಪ್ರಾಧ್ಯಾಪಕ ಜಾನ್ ಆಂಡರ್ಸನ್ ಅದನ್ನು ವಾಟ್‌ನ ಕೈಗೆ ಕೊಟ್ಟ.

ನ್ಯೂಕಮೆನ್ ಎಂಜಿನ್ ಕೆಲಸ ಮಾಡುತ್ತಿದ್ದುದು ಹೀಗೆ. ಡಬ್ಬಿಯೊಂದರಲ್ಲಿ ಸ್ವಲ್ಪ ನೀರು ಕುದಿಸಿ, ಮುಚ್ಚಳ ಬಿಗಿದು, ಮೇಲೆ ತಣ್ಣೀರು ಸುರಿದರೆ ಡಬ್ಬಿ ನಜ್ಜುಗುಜ್ಜಾಗುವ ಪ್ರಯೋಗವನ್ನು ತರಗತಿಯಲ್ಲಿ ನೋಡಿರುತ್ತೀರಿ. ಒಳಗಿನ ಉಗಿ ತಣಿದು ನೀರಾಗಿ ಒಳಗೆ ನಿರ್ವಾತವಾಗುತ್ತದೆ, ಹೊರಗಿನ ವಾಯುವಿನ ಒತ್ತಡ ಡಬ್ಬಿಯನ್ನು ಹಿಸುಕುತ್ತದೆ. ಡಬ್ಬಿಯ ಬದಲು ಗಟ್ಟಿಯಾದ ಸಿಲಿಂಡರ್, ಮುಚ್ಚಳದ ಬದಲು ಮೇಲೆ ಕೆಳಗೆ ಆಡುವ ಪಿಸ್ಟನ್ ಎಂದುಕೊಳ್ಳಿ. ಬಾಯ್ಲರಿನಿಂದ ಉಗಿ ಬಂದು ಸಿಲಿಂಡರ್ ತುಂಬುತ್ತದೆ. ಒಳಗೆ ತಣ್ಣೀರು ಚಿಮ್ಮುತ್ತದೆ. ಉಗಿ ನೀರಾಗುತ್ತದೆ. ವಾಯುವಿನ ಒತ್ತಡ ಪಿಸ್ಟನ್ನನ್ನು ಕೆಳಗೆ ತಳ್ಳುತ್ತದೆ. ಏತದ ಮರದಂತಹ ದೊಡ್ಡ ತೊಲೆಯ ಒಂದು ತುದಿಗೆ ಈ ಪಿಸ್ಟನ್, ಇನ್ನೊಂದು ತುದಿಗೆ ಗಣಿಯ ಪಂಪು. ಪಿಸ್ಟನ್ ಇಳಿದಾಗ ಪಂಪು ನೀರೆತ್ತುತ್ತದೆ. ಪಂಪಿನ ಸರಳಿನ ಭಾರಕ್ಕೆ ಪಿಸ್ಟನ್ ಮತ್ತೆ ಮೇಲೇಳುತ್ತದೆ.

ಮಾದರಿಯ ಸಿಲಿಂಡರ್ 2 ಅಂಗುಲ ವ್ಯಾಸದ್ದು, ಪಿಸ್ಟನ್ 6 ಅಂಗುಲ ಓಡುತ್ತಿತ್ತು. ವಾಟ್ ಮೊದಲು ಎಲ್ಲ ರಿಪೇರಿಗಾರರು ಮಾಡುವುದನ್ನೇ ಮಾಡಿದ, ಸಡಿಲವಾದದ್ದನ್ನು ಸರಿಪಡಿಸಿ ಬೆಂಕಿ ಹಾಕಿದ. ಎಂಜಿನ್ ಕೆಲವು ಹೊಡೆತ ಹೊಡೆದು ನಿಂತಿತು. ನೋಡಿದರೆ ಬಾಯ್ಲರ್ ಸಾಕಷ್ಟು ದೊಡ್ಡದೇ ಇದೆ. ಬೆಂಕಿ ಊದಿ ಹೆಚ್ಚಿಸಿದರೂ ಉಗಿ ಸಾಲದು. ಹಾಗಾದರೆ ಉಗಿ ಎಲ್ಲಿಗೆ ಹೋಗುತ್ತಿದೆ? ಎಲ್ಲೂ ತೂತಿಲ್ಲ. ಕಣ್ಣಿಗೆ ಕಾಣದ ಸೋರಿಕೆ ಒಂದಿದೆ.

ಪಂಪು ಎತ್ತುವ ನೀರಿನ ಎತ್ತರವನ್ನು ಕಡಿಮೆ ಮಾಡಿ ಭಾರ ಇಳಿಸಿದಾಗ ಮಾದರಿ ಓಡಿತು. ತರಗತಿಯಲ್ಲಿ ತೋರಿಸಲು ಅಷ್ಟು ಸಾಕಾಗಿತ್ತು. ಒಪ್ಪಿಕೊಂಡ ಕೆಲಸ ಅಲ್ಲಿಗೆ ಮುಗಿದಿತ್ತು. ಬೇರೆಯವರಾಗಿದ್ದರೆ ಕೂಲಿ ಪಡೆದು ಕೈ ತೊಳೆದುಕೊಳ್ಳುತ್ತಿದ್ದರು. ವಾಟ್ ಬಿಡಲಿಲ್ಲ.

ಮೊದಲ ಕಾರಣ ಗಣಿತದಲ್ಲೇ ಸಿಕ್ಕಿತು. ಲೋಟದ ಕಾಫಿ ಬೇಗ ಆರುತ್ತದೆ, ಕೊಳಗದ ಸಾರು ತಡವಾಗಿ ಆರುತ್ತದೆ. ಪಾತ್ರೆ ಚಿಕ್ಕದಾದಷ್ಟೂ ಅದರ ಗಾತ್ರಕ್ಕೆ ಹೋಲಿಸಿದರೆ ಮೈ ಹೆಚ್ಚು. ಸಿಲಿಂಡರಿನ ಪಕ್ಕದ ಮೈಯನ್ನು ಗಾತ್ರದಿಂದ ಭಾಗಿಸಿ ನೋಡಿ. 2 ಅಂಗುಲ ವ್ಯಾಸದ ಸಿಲಿಂಡರಿನಲ್ಲಿ ಈ ಪ್ರಮಾಣ 20 ಅಂಗುಲದ್ದಕ್ಕಿಂತ ಹತ್ತು ಪಟ್ಟು ಬರುತ್ತದೆ. ಜೊತೆಗೆ ಮಾದರಿಯದು ಹಿತ್ತಾಳೆ, ಅದು ಎರಕದ ಕಬ್ಬಿಣಕ್ಕಿಂತ ಬೇಗ ಶಾಖ ಸಾಗಿಸುತ್ತದೆ. ಹಾಗಾಗಿ ದೊಡ್ಡ ಎಂಜಿನ್ನಿನಲ್ಲಿ ಮರೆಯಾಗಿದ್ದ ದೋಷ ಪುಟ್ಟ ಮಾದರಿಯಲ್ಲಿ ಎದ್ದು ಕಂಡಿತು. ಶಾಖ ಹಿಡಿಯದ ಸಿಲಿಂಡರ್ ಬೇಕೆಂದು ಮರದಲ್ಲಿ ಒಂದನ್ನು ಮಾಡಿ, ಅಗಸೆ ಎಣ್ಣೆಯಲ್ಲಿ ನೆನೆಸಿ ಒಣಗಿಸಿ ನೋಡಿದ. ಅದು ಬಾಳಿಕೆ ಬರಲಿಲ್ಲ, ಕಾರಣ ಮಾತ್ರ ಸ್ಪಷ್ಟವಾಯಿತು.

ಮುಂದೆ ಅಳತೆಗೆ ಇಳಿದ. ನೀರು ಉಗಿಯಾದರೆ ಎಷ್ಟು ಪಟ್ಟು ಹಿಗ್ಗುತ್ತದೆ? ಅವನಿಗೆ ಸಿಕ್ಕ ಲೆಕ್ಕ ಸುಮಾರು 1800 ಪಟ್ಟು. ಇಂದಿನ ಲೆಕ್ಕ 1700ರ ಹತ್ತಿರ. ಒಂದು ತೂಕದ ಉಗಿಯನ್ನು ತಣ್ಣೀರಿಗೆ ಹಾಯಿಸಿದರೆ ಎಷ್ಟು ನೀರು ಕುದಿಯುವ ಬಿಸಿಗೆ ಬರುತ್ತದೆ? ಸುಮಾರು ಆರು ಪಟ್ಟು ತೂಕದ ನೀರು! ಇದು ಅವನನ್ನು ಬೆರಗುಗೊಳಿಸಿತು. ಬ್ಲ್ಯಾಕ್‌ನ ಬಳಿ ಹೋಗಿ ಕೇಳಿದಾಗ ಅವನು ತಾನು ಕಂಡುಹಿಡಿದು ತರಗತಿಯಲ್ಲಿ ಕಲಿಸುತ್ತಿದ್ದ ಗುಪ್ತೋಷ್ಣದ ತತ್ವವನ್ನು ವಿವರಿಸಿದ. ನಮ್ಮ ಮಕ್ಕಳೂ ತಾಳೆ ನೋಡಬಹುದು. ಒಂದು ಗ್ರಾಂ ಉಗಿ ನೀರಾಗುವಾಗ ಸುಮಾರು 540 ಕ್ಯಾಲೊರಿ ಬಿಡುತ್ತದೆ. 10 ಡಿಗ್ರಿಯ ಒಂದು ಗ್ರಾಂ ನೀರನ್ನು 100 ಡಿಗ್ರಿಗೆ ತರಲು 90 ಕ್ಯಾಲೊರಿ ಬೇಕು. 540ನ್ನು 90ರಿಂದ ಭಾಗಿಸಿದರೆ ಆರು.

ಈಗ ಕಾಣದ ಸೋರಿಕೆ ಕಂಡಿತು. ಪ್ರತಿ ಹೊಡೆತಕ್ಕೂ ತಣ್ಣೀರು ಚಿಮ್ಮಿಸಿ ಸಿಲಿಂಡರನ್ನು ತಣ್ಣಗೆ ಮಾಡುತ್ತಾರೆ. ಮುಂದಿನ ಹೊಡೆತಕ್ಕೆ ಬರುವ ಉಗಿಯ ಬಹುಪಾಲು ಆ ತಣ್ಣನೆಯ ಲೋಹವನ್ನು ಮತ್ತೆ ಕಾಯಿಸುವುದರಲ್ಲೇ ನೀರಾಗಿ ಹೋಗುತ್ತದೆ. ಗಣಿಗಳಲ್ಲಿ ಅರ್ಧ ಶತಮಾನದಿಂದ ರಾಶಿ ರಾಶಿ ಕಲ್ಲಿದ್ದಲು ಹೀಗೆ ವ್ಯರ್ಥವಾಗಿ ಉರಿಯುತ್ತಿತ್ತು. ಆದರೆ ದಾರಿ ಯಾವುದು? ಉಗಿ ವ್ಯರ್ಥವಾಗಬಾರದೆಂದರೆ ಸಿಲಿಂಡರ್ ಸದಾ ಬಿಸಿಯಾಗಿರಬೇಕು. ನಿರ್ವಾತ ಚೆನ್ನಾಗಿ ಆಗಬೇಕೆಂದರೆ ಅದು ತಣ್ಣಗಾಗಬೇಕು. ಒಂದೇ ಪಾತ್ರೆ ಏಕಕಾಲಕ್ಕೆ ಬಿಸಿಯೂ ತಣ್ಣಗೂ ಇರುವುದು ಹೇಗೆ?

ಭಾನುವಾರದ ಒಂದು ತಿರುಗಾಟ

ಈ ಗಂಟಿನಲ್ಲಿ ಒಂದು ವರ್ಷಕ್ಕೂ ಹೆಚ್ಚು ಕಾಲ ಕಳೆಯಿತು. ನಡುವೆ 1764ರಲ್ಲಿ ಅವನು ಸೋದರ ಸಂಬಂಧದ ಮಾರ್ಗರೆಟ್ ಮಿಲ್ಲರಳನ್ನು ಮದುವೆಯಾದ. 1765ರ ವಸಂತದ ಒಂದು ಭಾನುವಾರ ಮಧ್ಯಾಹ್ನ ಗ್ಲಾಸ್ಗೋದ ಹುಲ್ಲುಗಾವಲಿನಲ್ಲಿ ತಿರುಗಾಡಲು ಹೊರಟ. ಬಟ್ಟೆ ಒಗೆಯುವ ಹಳೆಯ ಮನೆಯನ್ನು ದಾಟಿ ಮುಂದೆ ಹೋಗುವಾಗ ಉತ್ತರ ಹೊಳೆಯಿತು. ಒಂದೇ ಪಾತ್ರೆ ಏಕೆ ಬೇಕು? ಎರಡು ಇರಲಿ. ಉಗಿ ಹಿಗ್ಗುವ ಗುಣದ್ದು, ನಿರ್ವಾತ ಇರುವ ಕಡೆಗೆ ತಾನೇ ನುಗ್ಗುತ್ತದೆ. ಸಿಲಿಂಡರನ್ನು ಸದಾ ಬಿಸಿಯಾಗಿಟ್ಟು, ಪಕ್ಕದಲ್ಲಿ ಸದಾ ತಣ್ಣಗಿರುವ ಇನ್ನೊಂದು ಪಾತ್ರೆ ಇಟ್ಟು ಕೊಳವೆಯಿಂದ ಸೇರಿಸಿದರೆ ಉಗಿ ಅಲ್ಲಿಗೆ ಹೋಗಿ ನೀರಾಗುತ್ತದೆ. ಆ ನೀರನ್ನೂ ಗಾಳಿಯನ್ನೂ ಪಂಪಿನಿಂದ ಹೊರಹಾಕಿದರಾಯಿತು. ಕಂಡೆನ್ಸರ್ ಹುಟ್ಟಿದ್ದು ಹೀಗೆ.

ಅಂದು ಭಾನುವಾರ. ಆ ನಾಡಿನಲ್ಲಿ ಅಂದು ಕೆಲಸ ಮುಟ್ಟುವಂತಿರಲಿಲ್ಲ. ಮರುದಿನದವರೆಗೆ ಕಾದು, ವೈದ್ಯರು ಬಳಸುವ ಹಿತ್ತಾಳೆಯ ದೊಡ್ಡ ಪಿಚಕಾರಿಯನ್ನೇ ಸಿಲಿಂಡರ್ ಮಾಡಿಕೊಂಡು, ತಗಡಿನಿಂದ ಕಂಡೆನ್ಸರ್ ಮಾಡಿ ಬೆಸುಗೆ ಹಾಕಿದ. ಪುಟ್ಟ ಮಾದರಿ ಸುಮಾರು 18 ಪೌಂಡ್ ಭಾರ ಎತ್ತಿತು. ಅವನಿಗೆ ಆಗ 29 ವರ್ಷ.

ಸೋರುತ್ತಲೇ ಹೋದ ವರ್ಷಗಳು

ಕಥೆ ಇಲ್ಲಿಗೆ ಮುಗಿಯಿತೆಂದು ನಾವು ಆ ದಿನ ತರಗತಿಯಲ್ಲಿ ಅಂದುಕೊಂಡೆವು. ಮೇಷ್ಟ್ರು ಇನ್ನೂ ಹನ್ನೊಂದು ವರ್ಷ ಇದೆ ಎಂದರು. ಮಾದರಿ ಓಡಿದ್ದು 1765ರಲ್ಲಿ. ಹಣ ಕೊಟ್ಟು ಕೊಂಡವರ ಗಣಿಯಲ್ಲಿ ವಾಟ್‌ನ ಎಂಜಿನ್ ಓಡಿದ್ದು 1776ರಲ್ಲಿ.

ಪಿಚಕಾರಿಯಲ್ಲಿ ಸುಲಭವಾದದ್ದು ದೊಡ್ಡದರಲ್ಲಿ ಆಗಲೊಲ್ಲದು. ಆಗಿನ ಕಮ್ಮಾರರು ಎರಕ ಹೊಯ್ದ ಸಿಲಿಂಡರುಗಳ ಒಳಗು ಸಮವಾಗಿ ದುಂಡಗಿರುತ್ತಿರಲಿಲ್ಲ. ನ್ಯೂಕಮೆನ್ ಎಂಜಿನ್ನಿನಲ್ಲಿ ಪಿಸ್ಟನ್ ಮೇಲೆ ಒಂದಿಷ್ಟು ನೀರು ನಿಲ್ಲಿಸಿ ಸಂದು ಮುಚ್ಚುತ್ತಿದ್ದರು. ವಾಟ್ ಆ ಉಪಾಯ ಬಳಸುವಂತಿಲ್ಲ, ನೀರು ಹಾಕಿದರೆ ಸಿಲಿಂಡರ್ ತಣಿದುಬಿಡುತ್ತದೆ. ಬಟ್ಟೆ, ನಾರು, ಎಣ್ಣೆ, ಕೊಬ್ಬು ಎಂದು ಏನೇನೋ ತುರುಕಿ ನೋಡಿದ. ಉಗಿ ಸೋರುತ್ತಲೇ ಇತ್ತು.

ಅಂಗಡಿಯ ಪಾಲುದಾರ ಜಾನ್ ಕ್ರೇಗ್ 1765ರಲ್ಲಿ ತೀರಿಕೊಂಡ. ಸಾಲ ಬೆಳೆಯಿತು. ಕ್ಯಾರನ್ ಕಬ್ಬಿಣದ ಕಾರ್ಖಾನೆಯ ಸ್ಥಾಪಕರಲ್ಲಿ ಒಬ್ಬನಾದ ಜಾನ್ ರೋಬಕ್ 1000 ಪೌಂಡ್ ಸಾಲ ತೀರಿಸಲು ಒಪ್ಪಿ, ಬದಲಿಗೆ ಮೂರರಲ್ಲಿ ಎರಡು ಪಾಲು ಪಡೆದ. 1769ರ ಜನವರಿಯಲ್ಲಿ ಪೇಟೆಂಟ್ ಸಿಕ್ಕಿತು. ರೋಬಕ್‌ನ ಕಿನ್ನೀಲ್ ಮನೆಯ ಹಿತ್ತಲಲ್ಲಿ 18 ಅಂಗುಲದ ಸಿಲಿಂಡರಿನ ಎಂಜಿನ್ ಕಟ್ಟಿದರು. ಅದೂ ಸೋರಿತು.

ಹೊಟ್ಟೆಪಾಡಿಗೆ ವಾಟ್ ಕಾಲುವೆಗಳ ಸರ್ವೆ ಕೆಲಸಕ್ಕೆ ಹೋದ. ವರ್ಷಗಟ್ಟಲೆ ಮಳೆ ಚಳಿಯಲ್ಲಿ ಬೆಟ್ಟಗುಡ್ಡ ಅಳೆದ. ಎಂಜಿನ್ ಮೂಲೆ ಸೇರಿತು. 1773ರಲ್ಲಿ ರೋಬಕ್ ದಿವಾಳಿಯಾದ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಸ್ಕಾಟ್ಲೆಂಡಿನ ಉತ್ತರದ ಬೆಟ್ಟಸೀಮೆಯಲ್ಲಿ ಸರ್ವೆ ಮಾಡುತ್ತಿದ್ದಾಗ ಮನೆಯಲ್ಲಿ ಮಾರ್ಗರೆಟ್ ಹೆರಿಗೆಯಲ್ಲಿ ತೀರಿಕೊಂಡಳು. ಅವನು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಎರಡು ಪುಟ್ಟ ಮಕ್ಕಳು, ಕೈಯಲ್ಲಿ ಕಾಸಿಲ್ಲ, ಓಡದ ಎಂಜಿನ್. ಆ ವರ್ಷ ಯಾರಾದರೂ ಅವನನ್ನು ನೋಡಿದ್ದರೆ ಸೋತವನೆಂದೇ ಹೇಳುತ್ತಿದ್ದರು.

ಬರ್ಮಿಂಗ್‌ಹ್ಯಾಂ

ರೋಬಕ್‌ನ ಪಾಲು ಬರ್ಮಿಂಗ್‌ಹ್ಯಾಂ ಬಳಿಯ ಸೋಹೊ ಕಾರ್ಖಾನೆಯ ಒಡೆಯ ಮ್ಯಾಥ್ಯೂ ಬೌಲ್ಟನ್‌ನ ಕೈಗೆ ಬಂತು. ಬೌಲ್ಟನ್‌ಗೆ ಹಣವಿತ್ತು, ನುರಿತ ಕೆಲಸಗಾರರಿದ್ದರು, ಎಲ್ಲಕ್ಕಿಂತ ಮಿಗಿಲಾಗಿ ಧೈರ್ಯವಿತ್ತು. ವಾಟ್ ಅಂಜುವ ಸ್ವಭಾವದವನು. ವ್ಯಾಪಾರದ ಚೌಕಾಸಿ ಅವನಿಗೆ ಆಗದು. ಇಬ್ಬರೂ ಒಬ್ಬರ ಕೊರತೆಯನ್ನು ಇನ್ನೊಬ್ಬರು ತುಂಬಿದರು. 1774ರಲ್ಲಿ ವಾಟ್ ಕಿನ್ನೀಲ್ ಎಂಜಿನ್ನಿನ ಭಾಗಗಳೊಂದಿಗೆ ಬರ್ಮಿಂಗ್‌ಹ್ಯಾಂಗೆ ಬಂದು ನೆಲೆಸಿದ.

ಸೋರಿಕೆಗೆ ಮದ್ದು ಸಿಕ್ಕಿದ್ದು ಬೇರೊಬ್ಬನಿಂದ. ಜಾನ್ ವಿಲ್ಕಿನ್ಸನ್ ಎಂಬ ಕಬ್ಬಿಣದ ಕಾರ್ಖಾನೆಯವನು 1774ರಲ್ಲಿ ಫಿರಂಗಿಗಳ ಒಳಗನ್ನು ನೇರವಾಗಿ ಕೊರೆಯುವ ವಿಧಾನಕ್ಕೆ ಪೇಟೆಂಟ್ ಪಡೆದಿದ್ದ. ಅದೇ ಕೌಶಲದಿಂದ ದೊಡ್ಡ ಸಿಲಿಂಡರನ್ನೂ ಸಮನಾಗಿ ಕೊರೆದುಕೊಟ್ಟ. ಪಿಸ್ಟನ್ ಬಿಗಿಯಾಗಿ ಕುಳಿತಿತು. 1775ರಲ್ಲಿ ಪಾರ್ಲಿಮೆಂಟ್ ಪೇಟೆಂಟಿನ ಅವಧಿಯನ್ನು 1800ರವರೆಗೆ ವಿಸ್ತರಿಸಿತು. 1776ರ ಮಾರ್ಚಿನಲ್ಲಿ ಟಿಪ್ಟನ್ ಬಳಿಯ ಬ್ಲೂಮ್‌ಫೀಲ್ಡ್ ಗಣಿಯಲ್ಲಿ 50 ಅಂಗುಲ ಸಿಲಿಂಡರಿನ ಎಂಜಿನ್ ನೆರೆದ ಜನರ ಮುಂದೆ ಓಡಿತು. ಅದೇ ವರ್ಷ ವಾಟ್ ಆ್ಯನ್ ಮ್ಯಾಕ್‌ಗ್ರೆಗರಳನ್ನು ಮದುವೆಯಾದ.

ಎಂಜಿನ್ನಿಗೆ ಅವರು ಪಡೆಯುತ್ತಿದ್ದ ಪ್ರತಿಫಲ ವಿಚಿತ್ರವಾಗಿತ್ತು. ಹಳೆಯ ಎಂಜಿನ್ನಿಗೆ ಹೋಲಿಸಿದರೆ ಎಷ್ಟು ಕಲ್ಲಿದ್ದಲು ಉಳಿಯಿತೋ ಅದರ ಬೆಲೆಯ ಮೂರನೆಯ ಒಂದು ಭಾಗ ಅವರಿಗೆ. ಕಾರ್ನ್‌ವಾಲ್‌ನ ತವರ ಮತ್ತು ತಾಮ್ರದ ಗಣಿಗಳಲ್ಲಿ ಕಲ್ಲಿದ್ದಲು ದೂರದಿಂದ ಬರಬೇಕಿದ್ದರಿಂದ ಅಲ್ಲಿ ಬೇಡಿಕೆ ಹೆಚ್ಚು. ಹಣ ವಸೂಲಿಯಲ್ಲಿ ಜಗಳವೂ ಹೆಚ್ಚು.

ಮುಂದಿನದು ವೇಗವಾಗಿ ನಡೆಯಿತು. 1781ರಲ್ಲಿ ಮೇಲೆ ಕೆಳಗೆ ಆಡುವ ಚಲನೆಯನ್ನು ಸುತ್ತುವ ಚಲನೆಯಾಗಿ ಬದಲಿಸುವ ಹಲ್ಲುಗಾಲಿಯ ಜೋಡಣೆಗೆ ಪೇಟೆಂಟ್ ಪಡೆದ. 1782ರಲ್ಲಿ ಪಿಸ್ಟನ್ನಿನ ಎರಡೂ ಬದಿಗೆ ಉಗಿ ಕೆಲಸ ಮಾಡುವ ಎಂಜಿನ್ ಬಂತು. 1784ರಲ್ಲಿ ಪಿಸ್ಟನ್ ಸರಳನ್ನು ನೇರವಾಗಿ ನಡೆಸುವ ಸರಳುಗಳ ಜೋಡಣೆ ಮಾಡಿದ. ತನ್ನ ಎಲ್ಲ ಕೆಲಸಗಳಲ್ಲಿ ಅವನಿಗೆ ಹೆಚ್ಚು ಹೆಮ್ಮೆ ಇದ್ದದ್ದು ಇದರ ಬಗ್ಗೆ. 1788ರಲ್ಲಿ ವೇಗ ತಾನೇ ಹತೋಟಿಗೆ ಬರುವಂತೆ ಎರಡು ಗುಂಡುಗಳ ಗವರ್ನರ್ ಅಳವಡಿಸಿದ. ಕುದುರೆ ಕಟ್ಟಿ ಗಿರಣಿ ನಡೆಸುತ್ತಿದ್ದವರಿಗೆ ಅರ್ಥವಾಗಲೆಂದು ಅಶ್ವಶಕ್ತಿಯ ಅಳತೆಯನ್ನು ಗೊತ್ತುಮಾಡಿದ, ಒಂದು ನಿಮಿಷಕ್ಕೆ 33,000 ಅಡಿ-ಪೌಂಡ್. ಗಣಿಯಿಂದ ಹೊರಬಂದ ಉಗಿಯಂತ್ರ ಹತ್ತಿಯ ಗಿರಣಿ, ಹಿಟ್ಟಿನ ಗಿರಣಿ, ಕಬ್ಬಿಣದ ಕಾರ್ಖಾನೆ ಹೊಕ್ಕಿತು. 1800ರ ವೇಳೆಗೆ ಬೌಲ್ಟನ್ ಮತ್ತು ವಾಟ್ ಸಂಸ್ಥೆ ಸುಮಾರು 500 ಎಂಜಿನ್‌ಗಳನ್ನು ಕಟ್ಟಿತ್ತು.

ಅವನ ಇನ್ನೊಂದು ಮುಖ

ದೊಡ್ಡವರ ಜೀವನ ಬರೆಯುವಾಗ ಒಳ್ಳೆಯದನ್ನಷ್ಟೇ ಬರೆದರೆ ಮಕ್ಕಳಿಗೆ ಉಪಕಾರವಿಲ್ಲ. ತನ್ನ ಪೇಟೆಂಟನ್ನು ಕಾಪಾಡಿಕೊಳ್ಳಲು ವಾಟ್ ಇತರ ಎಂಜಿನಿಯರುಗಳ ಮೇಲೆ ವರ್ಷಗಟ್ಟಲೆ ಮೊಕದ್ದಮೆ ನಡೆಸಿದ. ಇದರಿಂದ ಕೆಲವು ಹೊಸ ಪ್ರಯತ್ನಗಳು ತಡವಾದವು. ಅವನ ನಂಬಿಕೆಯ ಸಹಾಯಕ ವಿಲಿಯಂ ಮರ್ಡೊಕ್ 1784ರಲ್ಲಿ ತಾನೇ ಓಡುವ ಉಗಿಬಂಡಿಯ ಪುಟ್ಟ ಮಾದರಿ ಮಾಡಿದಾಗ ಅದಕ್ಕೆ ಉತ್ತೇಜನ ಕೊಡಲಿಲ್ಲ.

ಹೆಚ್ಚು ಒತ್ತಡದ ಉಗಿಯನ್ನು ಅವನು ಕೊನೆಯವರೆಗೂ ವಿರೋಧಿಸಿದ. ಯೌವನದಲ್ಲಿ ಕಂಡ ಬಾಯ್ಲರ್ ಸಿಡಿಯುವ ಭಯ ಹೋಗಲೇ ಇಲ್ಲ. ಭಯ ಸುಳ್ಳಲ್ಲ. 1803ರಲ್ಲಿ ಗ್ರೀನಿಚ್‌ನಲ್ಲಿ ರಿಚರ್ಡ್ ಟ್ರೆವಿಥಿಕ್‌ನ ಒಂದು ಬಾಯ್ಲರ್ ಸಿಡಿದು ಕೆಲಸಗಾರರು ಸತ್ತರು. ಆದರೆ ಟ್ರೆವಿಥಿಕ್ ಹಿಮ್ಮೆಟ್ಟಲಿಲ್ಲ. ಬಾಯ್ಲರಿಗೆ ಸೀಸದ ಬಿರಡೆಯೊಂದನ್ನು ಸೇರಿಸಿದ. ನೀರು ಬತ್ತಿದರೆ ಬಾಯ್ಲರ್ ಸಿಡಿಯುವ ಮೊದಲೇ ಸೀಸ ಕರಗಿ ಉಗಿ ಹೊರಹೋಗುತ್ತದೆ. ನಮ್ಮ ಶಾಲೆಯ ಬಾಯ್ಲರಿನ ಬೆಸುಗೆ ಕರಗಿದ ಕಾರಣವೇ ಅಲ್ಲಿ ಜೀವ ಉಳಿಸುವ ಉಪಾಯವಾಯಿತು. 1804ರಲ್ಲಿ ಟ್ರೆವಿಥಿಕ್‌ನ ಎಂಜಿನ್ ಹಳಿಯ ಮೇಲೆ ಓಡಿತು. ರೈಲಿನ ದಾರಿ ತೆರೆದದ್ದು ವಾಟ್ ಹೆದರಿ ಬಿಟ್ಟ ದಾರಿಯಲ್ಲಿ. ಒಬ್ಬನು ತಾನು ನಿಂತಲ್ಲಿಂದ ಮುಂದೆ ಹೋಗಲು ಇನ್ನೊಬ್ಬನಿಗೆ ದಾರಿ ಬಿಡಬೇಕು ಎಂಬುದೂ ಈ ಜೀವನದ ಒಂದು ಪಾಠ.

ಅಟ್ಟದ ಕೋಣೆ

1800ರಲ್ಲಿ ಪೇಟೆಂಟ್ ಮುಗಿಯಿತು, ವಾಟ್ ವ್ಯವಹಾರದಿಂದ ನಿವೃತ್ತನಾದ. ಎರಡನೆಯ ಮದುವೆಯ ಇಬ್ಬರು ಮಕ್ಕಳೂ ಅವನ ಕಣ್ಣೆದುರಿಗೇ ತೀರಿಕೊಂಡರು. ಮಗಳು ಜೆಸ್ಸಿ 1794ರಲ್ಲಿ, ಓದಿನಲ್ಲಿ ಬಹಳ ಮುಂದಿದ್ದ ಮಗ ಗ್ರೆಗರಿ 1804ರಲ್ಲಿ. 1809ರಲ್ಲಿ ಬೌಲ್ಟನ್ ಹೋದ. ವಾಟ್ ಹೀತ್‌ಫೀಲ್ಡ್ ಮನೆಯ ಅಟ್ಟದ ಕೋಣೆ ಸೇರಿದ. ಅಲ್ಲಿ ಕೆಲಸದ ಮೇಜು, ಉಳಿ, ಅರ, ತಿರುಗಣೆ. ಶಿಲ್ಪಗಳ ಪ್ರತಿ ತೆಗೆಯುವ ಯಂತ್ರವೊಂದನ್ನು ಮಾಡುತ್ತ, ತಿದ್ದುತ್ತ ಎಂಬತ್ತು ದಾಟಿದ. ಗ್ರೀನಕ್‌ನಲ್ಲಿ ತಂದೆ ಕೊಟ್ಟ ಮೇಜಿನಿಂದ ಹೊರಟವನು ಕೊನೆಗೂ ಮೇಜಿನ ಮುಂದೆಯೇ ಕುಳಿತ. 1819ರ ಆಗಸ್ಟ್ 25ರಂದು, 83ನೆಯ ವಯಸ್ಸಿನಲ್ಲಿ ಕಾಲವಾದ. ಹ್ಯಾಂಡ್ಸ್‌ವರ್ತ್‌ನ ಸೇಂಟ್ ಮೇರಿ ಚರ್ಚಿನಲ್ಲಿ ಅವನ ಸಮಾಧಿ ಇದೆ. ಬೌಲ್ಟನ್ ಮಲಗಿರುವುದೂ ಅಲ್ಲಿಯೇ. ಅಟ್ಟದ ಕೋಣೆಯ ಸಾಮಾನುಗಳನ್ನು 1924ರಲ್ಲಿ ಲಂಡನ್ನಿನ ವಿಜ್ಞಾನ ಸಂಗ್ರಹಾಲಯಕ್ಕೆ ಸಾಗಿಸಿ, ಅವನು ಬಿಟ್ಟುಹೋದಂತೆಯೇ ಇಟ್ಟಿದ್ದಾರೆ.

1882ರಲ್ಲಿ ವಿಲಿಯಂ ಸೀಮೆನ್ಸ್ ಎಂಬ ಎಂಜಿನಿಯರ್ ಸಾಮರ್ಥ್ಯದ ಮಾನಕ್ಕೆ ವಾಟ್‌ನ ಹೆಸರಿಡಲು ಸೂಚಿಸಿದ. ಒಂದು ಅಶ್ವಶಕ್ತಿಗೆ ಸುಮಾರು 746 ವಾಟ್. ನಮ್ಮ ನಾಡಿನಲ್ಲಿ ಕೋಲಾರದ ಚಿನ್ನದ ಗಣಿಗಳು ಮೊದಲು ನಡೆದದ್ದು ಉಗಿಯ ಬಲದಿಂದ. 1902ರಲ್ಲಿ ಶಿವನಸಮುದ್ರದ ವಿದ್ಯುತ್ ಬಂದು ಉಗಿಯ ಜಾಗ ಹಿಡಿಯಿತು. ಉಗಿ ಹೋದರೂ ಹೆಸರು ಹೋಗಲಿಲ್ಲ. ಆ ವಿದ್ಯುತ್ತನ್ನು ಅಳೆಯುವುದೂ ವಾಟ್‌ನ ಹೆಸರಿನಲ್ಲೇ. ನಮ್ಮ ಮನೆಯ ಪ್ರತಿ ಬಲ್ಬಿನ ಮೇಲೂ ಆ ರಿಪೇರಿಗಾರನ ಹೆಸರಿದೆ.

ಗ್ಲಾಸ್ಗೋದ ಆ ಮಾದರಿ ಇಂದಿಗೂ ವಿಶ್ವವಿದ್ಯಾಲಯದ ಹಂಟೇರಿಯನ್ ಸಂಗ್ರಹಾಲಯದಲ್ಲಿದೆ. ಲಂಡನ್ನಿನಿಂದ ರಿಪೇರಿಯಾಗದೆ ಬಂದ ದಿನವೇ ಅದನ್ನು ಗುಜರಿಗೆ ಹಾಕಿದ್ದರೆ ಮುಂದಿನದು ಯಾವುದೂ ಆ ರೀತಿ ನಡೆಯುತ್ತಿರಲಿಲ್ಲ.

ನಮ್ಮ ಶಾಲೆಗೆ ಈಗ ಐವತ್ತು ತುಂಬಿದೆ. ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಹೊಸ ಪ್ರಯೋಗಾಲಯಕ್ಕೆ ಕಂಪ್ಯೂಟರ್ ಕೊಡುವ ಮಾತು ನಡೆದಿದೆ. ಕೊಡೋಣ. ಜೊತೆಗೆ ಒಂದು ಗಟ್ಟಿ ಮೇಜು, ಒಂದು ಹಿಡಿಕೆ, ಅರ, ಇಕ್ಕಳ, ಬೆಸುಗೆಯ ಕಡ್ಡಿ, ಕೆಟ್ಟುಹೋದ ನಾಲ್ಕು ಸಾಮಾನು ಕೂಡ ಕೊಡೋಣ ಎಂಬುದು ನನ್ನ ಬೇಡಿಕೆ. ಬೀರುವಿನ ಪುಟ್ಟ ಉಗಿಯಂತ್ರ ಈಗ ಮತ್ತೆ ಸೋರುತ್ತಿದೆಯಂತೆ. ಎಸೆಯಬೇಡಿ. ಮಕ್ಕಳೇ, ಮೇಷ್ಟ್ರು ಪಕ್ಕದಲ್ಲಿಲ್ಲದೆ ದೀಪವನ್ನೂ ಹಚ್ಚಬೇಡಿ. ಮೊದಲು ತಣ್ಣೀರು ತುಂಬಿ ಎಲ್ಲಿ ಹನಿ ಮೂಡುತ್ತದೆ ನೋಡಿ. ಸೇಫ್ಟಿ ವಾಲ್ವ್ ಆಡುತ್ತದೆಯೇ ನೋಡಿ. ಬೆಸೆಯುವ ಮೊದಲು ಹಳೆಯದನ್ನು ಪೂರ್ತಿ ಕೆರೆಯಿರಿ. ಆಮೇಲೆ, ಇಷ್ಟು ದಿನ ಅದು ಏಕೆ ಸೋರಿತು ಎಂದು ಕೇಳಿಕೊಳ್ಳಿ. ರಿಪೇರಿ ಮುಗಿದ ಮೇಲೂ ಆ ಪ್ರಶ್ನೆಯನ್ನು ಬಿಡದವನು ಜೇಮ್ಸ್ ವಾಟ್.